ಸೋನಾಬಾಯಿಯ ಹೆಬ್ಬೆರಳು

ತೆಲಸಂಗದ ಸೋನಾಬಾಯಿ ಇಪ್ಪತ್ತೆಂಟು ವರ್ಷ ದ್ರಾಕ್ಷಿ ಬಳ್ಳಿಯ ಚಾಟಣಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡಿದವಳು. ಅಕ್ಟೋಬರ್‌ನಲ್ಲಿ ಬೋಳು ಕಡ್ಡಿಯನ್ನು ಯಾವ ಕಣ್ಣಿಗೆ ಕತ್ತರಿಸಿದರು ಎಂಬುದರ ಮೇಲೆ ಇಡೀ ವರ್ಷದ ಬೆಳೆ ನಿಂತಿರುತ್ತದೆ. ಕಣ್ಣೆಂದರೆ ಕಡ್ಡಿಯ ಮೊಗ್ಗು. ನಾನು ಕಾಲೇಜಿನಲ್ಲಿ ತೋಟಗಾರಿಕೆ ಕಲಿಸುವವನು. ಹನ್ನೆರಡು ವರ್ಷ ಈ ಕಣ್ಣನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮಹಾಶೂರ.

ಹೋದ ವರ್ಷ ಬುದ್ಧಿ ಬಂದು, ಹುಡುಗರನ್ನು ಎಂಟು ದಿನ ಸೋನಾಬಾಯಿ ದುಡಿಯುತ್ತಿದ್ದ ವಿರುಪಾಕ್ಷಪ್ಪನ ತೋಟಕ್ಕೆ ಕರೆದೊಯ್ದೆ. ಮೊದಲ ದಿನವೇ ಅವರು ಪುಸ್ತಕದಂತೆ ಆರನೇ ಕಣ್ಣು ಎಣಿಸಿ, ಕಚಕ್ಕನೆ ಕತ್ತರಿಸಿ, ಅರ್ಧ ಸಾಲು ಕೆಡಿಸಿದರು.

"ಎಣಿಸಬ್ಯಾಡ್ರಿ, ಮುಟ್ರಿ," ಎಂದಳು ಸೋನಾಬಾಯಿ. ಸುಗಂಧಾ ಎಂಬ ವಿದ್ಯಾರ್ಥಿನಿಯ ಹೆಬ್ಬೆರಳು ಹಿಡಿದು ಕಡ್ಡಿಗೆ ಒತ್ತಿದಳು. "ಚಪ್ಪಟಿ ಇದ್ರ ಬರೇ ಎಲಿ. ದುಂಡಗ ಇದ್ರ ಗೊನಿ. ಗೊತ್ತಾತೇನ ಬೇ?"

ಮೂರನೇ ದಿನಕ್ಕೆ ಸುಗಂಧಾಗೆ ಗೊತ್ತಾಯಿತು. ನನಗೂ ಗೊತ್ತಾಯಿತು, ನಾಚಿಕೆಯೂ ಆಯಿತು.

ಗೊತ್ತಾಗದೆ ಉಳಿದದ್ದು ಬೇರೆಯೇ ಇತ್ತು. ಸಕ್ಕರೆ ಕಾಯಿಲೆಯಿಂದ ಸೋನಾಬಾಯಿಯ ಕಣ್ಣು ಎರಡು ವರ್ಷದಿಂದ ಮಂಜಾಗಿತ್ತು. ಕಣ್ಣು ಕಾಣದವರ ಕೈಗೆ ವಿರುಪಾಕ್ಷಪ್ಪ ಕತ್ತರಿ ಕೊಡುತ್ತಿರಲಿಲ್ಲ. ಹಾಗಾಗಿ ಆಕೆ ಯಾರಿಗೂ ಹೇಳಿರಲಿಲ್ಲ.

ಕೊನೆಯ ದಿನ ತೋಟದಲ್ಲೇ ಸಣ್ಣ ಸಮಾರಂಭ. ಸುಗಂಧಾಳ ವರದಿ ಬಹಳ ಹಿಡಿಸಿ, ನಾನೇ ಎದ್ದು ಗಟ್ಟಿಯಾಗಿ ಓದಿದೆ: "ಸೋನಾಬಾಯಿ ಕಡ್ಡಿಯನ್ನು ನೋಡುವುದೇ ಇಲ್ಲ. ಅವರ ಕಣ್ಣು ಹೆಬ್ಬೆರಳಿನಲ್ಲಿದೆ."

ಹುಡುಗರು ಚಪ್ಪಾಳೆ ತಟ್ಟಿದರು. ವಿರುಪಾಕ್ಷಪ್ಪ ತಟ್ಟಲಿಲ್ಲ. ಮೇಜಿನ ಮೇಲಿದ್ದುದೇನನ್ನೋ ಎತ್ತಿ ಹಿಡಿದ.

"ಸೋನಾಬಾಯಿ, ನನ್ನ ಕೈಯಾಗ ಏನೈತಿ ಹೇಳು."

ನಾಲ್ಕೇ ಮಾರು ದೂರ. ಆಕೆ ಹಣೆ ಗಂಟಿಕ್ಕಿ ಆತನತ್ತ ಮುಖ ಮಾಡಿ ನಿಂತಳು.

"ಏನಿಲ್ಲರಿ," ಎಂದಳು.

ಆತನ ಕೈಯಲ್ಲಿದ್ದುದು ಆಕೆಯದೇ ಕತ್ತರಿ.

ಮರುದಿನದಿಂದ ಆಕೆಗೆ ಕರೆ ಬರಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳ! ಎರಡು ಸಲ ಹೋಗಿ ಕೈಮುಗಿದೆ. "ನಿಮ್ಮ ಹುಡುಗ್ರು ಕಲತ್ರಲ್ಲರಿ ಸರ್, ಸಾಕ್ ಬಿಡ್ರಿ," ಎಂದ ವಿರುಪಾಕ್ಷಪ್ಪ. ಹುಡುಗರು ಕಲಿತದ್ದೂ ನಿಜವೇ.

ಜನವರಿಯಲ್ಲಿ ನಾನೂ ಸುಗಂಧಾಳೂ ಆಕೆಯ ಮನೆಗೆ ಹೋದೆವು. ಆಕೆ ಚಾಟಣಿ ಮಾಡಿದ್ದ ಸಾಲಿನಿಂದ ಒಂದು ಗೊನೆ ಒಯ್ದಿದ್ದೆವು. ಇಡೀ ತೋಟದಲ್ಲಿ ಅಷ್ಟು ಗೊನೆ ಬಿಟ್ಟ ಸಾಲು ಇನ್ನೊಂದಿರಲಿಲ್ಲ. ಸೋನಾಬಾಯಿ ಗೊನೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಕಾಯಿ ಮುಟ್ಟಿದಳು.

"ಮಾಲಕರು ನೋಡ್ಯಾರೇನ್ರಿ?"

"ನೋಡ್ಯಾರವ್ವಾ," ಎಂದೆ.

ಕೆಲಸಕ್ಕೆ ಮತ್ತೆ ಕರೆದರೇ ಎಂದು ಕೇಳದೆ, ಆಕೆ ಮುಂದಿನ ಕಾಯಿಗೆ ಹೆಬ್ಬೆರಳು ಇಟ್ಟಳು.