ರುದ್ರೇಶ್ ಮೇಸ್ತ್ರಿಯ ಕಾಲುವೆ

ರುದ್ರೇಶ್ ಮೇಸ್ತ್ರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಫಿ ಕುಡಿಯುವಾಗಲೂ ಲೋಟ ಹಿಡಿದು ಶೆಡ್ಡಿನ ಉದ್ದಗಲ ಅಳೆಯುತ್ತಾನೆ. ನೋಡಿ ನೋಡಿ ನನಗೇ ತಲೆ ಸುತ್ತುತ್ತದೆ. ಗೋಣಿಬೀಡಿನಲ್ಲಿ ನಾಗಶ್ರೀ ಮೇಡಂ ನಡೆಸುವ ಈ ರಟ್ಟು ತಯಾರಿಸುವ ಶೆಡ್ಡಿಗೆ ಬರುವ ಮೊದಲು ಅವನು ಇಪ್ಪತ್ತಾರು ವರ್ಷ ಕಾಫಿ ಎಸ್ಟೇಟಿನಲ್ಲಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿದ್ದ. ಸುಲಿದ ಕಾಫಿಬೀಜವನ್ನು ಕಾಲುವೆಯಲ್ಲಿ ತೊಳೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಸುಳ್ಳೇನಲ್ಲ.

ನಮ್ಮಲ್ಲಿ ಸಿಲ್ವರ್ ಓಕ್ ಮರದ ಚಕ್ಕೆಯನ್ನು ಬೇಯಿಸುತ್ತಾರೆ. ನಾನು ಅದನ್ನು ಯಂತ್ರಕ್ಕೆ ಹಾಕಿ ನಾರು ಬಿಡಿಸುತ್ತೇನೆ. ಆ ನಾರನ್ನು ನೀರಿನಲ್ಲಿ ಕದಡಿ, ಕಾಲುವೆಯಲ್ಲಿ ಹರಿಸಿ, ಜಾಲರಿಯ ಮೇಲೆ ಬಿಡುವುದು. ನೀರು ಸೋರಿದ ಮೇಲೆ ಉಳಿದ ಪದರವನ್ನು ಕುಸುಮಾ ಜಾಲರಿ ಸಮೇತ ಎತ್ತಿ ಒತ್ತುವ ಯಂತ್ರಕ್ಕೆ ಇಡುತ್ತಾಳೆ. ಕಾಲುವೆ ಕಟ್ಟಿದವನು ರುದ್ರೇಶ್. ಕಾಫಿ ತೊಳೆಯುವ ಕಾಲುವೆಯಂತೆಯೇ ಕಟ್ಟಿದ. ಉದ್ದ, ಕಿರಿದು, ನುಣ್ಣನೆಯ ಸಿಮೆಂಟು, ನೀರಿನಲ್ಲಿ ಒಂದು ಸುಳಿ ಇಲ್ಲ.

ರಟ್ಟು ನೋಡಲು ಚೆಂದವಿತ್ತು. ಬಗ್ಗಿಸಿದರೆ ಮಾತ್ರ ಉದ್ದಕ್ಕೆ ಸೀಳುತ್ತಿತ್ತು.

"ಕುಸುಮನ ಕೈ ನಡುಗ್ತದೆ ಮೇಡಂ. ಎತ್ತುವಾಗ್ಲೇ ಬಿರುಕು ಬೀಳ್ತದೆ" ಎಂದ ರುದ್ರೇಶ್. ಕಾಲುವೆಯ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ.

ಮೇಡಂ ನಂಬಿದರು. ಶನಿವಾರ ಕೊನೆಯ ದಿನ ಎಂದು ಕುಸುಮಾಗೆ ಹೇಳಿಬಿಟ್ಟರು. ಈ ಕೆಲಸ ಹೋದರೆ ಅವಳು ಹೊರನಾಡಿನ ಯಾವುದೋ ಲಾಡ್ಜಿನಲ್ಲಿ ಪಾತ್ರೆ ತೊಳೆದುಕೊಂಡು ಅಲ್ಲೇ ಇರಬೇಕು, ಆರು ವರ್ಷದ ಮಗಳನ್ನು ಇಲ್ಲಿ ತಾಯಿಯ ಹತ್ತಿರ ಬಿಟ್ಟು. ಅವಳ ಪರವಾಗಿ ಮಾತಾಡೋಣ ಎಂದುಕೊಂಡೆ. ಆದರೆ ರಟ್ಟು ಯಾಕೆ ಸೀಳುತ್ತದೆಂದು ನನಗೇನು ಗೊತ್ತು?

ಗುರುವಾರ ಅದು ರುದ್ರೇಶನಿಗೆ ಗೊತ್ತಾಯಿತು. ಹಿಂದಿನ ದಿನ ಕಾಲುವೆ ಜಾಲರಿಗೆ ಸುರಿಯುವ ಬಾಯಿಗೆ ಒಂದು ಕಡ್ಡಿ ಸಿಕ್ಕಿಕೊಂಡು, ಅದರ ಕೆಳಗೆ ನೀರು ಕಲಕಿ ಸುತ್ತುತ್ತಿತ್ತಂತೆ. ಆ ನೀರು ಬಿದ್ದ ಭಾಗದಲ್ಲಿ ರಟ್ಟು ಸೀಳಲಿಲ್ಲ. ಅವನು ಹರಿದು ನೋಡಿದ. ಬೇರೆ ಕಡೆಯೆಲ್ಲ ನಾರು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿತ್ತು. ಇಲ್ಲಿ ಮಾತ್ರ ಅಡ್ಡಾದಿಡ್ಡಿ ಹೆಣೆದುಕೊಂಡಿತ್ತು. ನೀರು ಅಷ್ಟು ಸಮನಾಗಿ ಹರಿಯುತ್ತಿದ್ದದ್ದೇ ತಪ್ಪಾಗಿತ್ತು. ಅವನು ಕಡ್ಡಿ ಕಿತ್ತು ಬಿಸಾಡಿ ಸುಮ್ಮನಾದ. ಇದನ್ನೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು.

ಶುಕ್ರವಾರ ಅವನ ಓಡಾಟ ಹೇಳತೀರದು. ನನ್ನ ಮಿಷನ್ನಿನ ಹತ್ತಿರ ಬಂದ, ಗೇಟಿಗೆ ಹೋದ, ಮತ್ತೆ ಬಂದ. "ಕಾಲಿಗೇನು ಇರುವೆ ಹತ್ತಿದೆಯಾ ಮಾರಾಯ?" ಎಂದೆ. ಅವನು ಮತ್ತೆ ಗೇಟಿನ ಕಡೆ ತಿರುಗಿದ. ಅಷ್ಟರಲ್ಲಿ ಕುಸುಮಾ ಬಂದಳು.

"ಮೇಸ್ತ್ರೀ, ಹ್ಯಾಗೆ ಎತ್ಬೇಕು ಅಂತ ಇನ್ನೊಂದ್ಸಲ ತೋರ್ಸಿ. ಕಲೀತೀನಿ."

ಅವನು ಒಂದು ಗಂಟೆ ತೋರಿಸಿದ. ಮೊಣಕೈ ಹೀಗಿಡು, ಮಣಿಕಟ್ಟು ಹಾಗೆ ತಿರುಗಿಸು. ಅವಳು ಊಟಕ್ಕೂ ಹೋಗದೆ ಖಾಲಿ ಜಾಲರಿ ಎತ್ತಿ ಎತ್ತಿ ಇಟ್ಟಳು.

ಶನಿವಾರ ಸಂಜೆ ಕುಸುಮಾ ತನ್ನ ಜಾಲರಿ ತೊಳೆದು ಗೋಡೆಗೆ ಒರಗಿಸಿದಳು. ಮೇಡಂಗೆ ಕೈಮುಗಿದು ಚೀಲ ಹೆಗಲಿಗೇರಿಸಿದಳು. ಗೇಟಿನ ಹತ್ತಿರ ಶತಪಥ ಹಾಕುತ್ತಿದ್ದ ರುದ್ರೇಶ್ ಓಡಿ ಬಂದ.

"ಮೇಡಂ, ತಪ್ಪು ಅವಳ ಕೈದಲ್ಲ. ನನ್ನ ಕಾಲುವೆದು."

ಎಲ್ಲ ಬಿಡಿಸಿ ಹೇಳಿದ. ಮೇಡಂ ಕೇಳಿಸಿಕೊಂಡು, "ಯಾವಾಗ ಗೊತ್ತಾಯ್ತು?" ಎಂದರು.

ಈಗಷ್ಟೇ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳೆನ್ನುವವರು ಯಾರಿದ್ದರು?

"ಗುರುವಾರ" ಎಂದ.

ಕುಸುಮಾ ಅವನನ್ನೇ ನೋಡಿದಳು. "ಹಾಗಾದ್ರೆ ನಿನ್ನೆ ನಂಗೆ ಕಲಿಸಿದ್ದು ಏನನ್ನ?"

ಅವನು ಮೊದಲ ಸಲ ಅಲುಗಾಡದೆ ನಿಂತಿದ್ದ.

ಸೋಮವಾರ ಅವನೇ ಕಾಲುವೆಯುದ್ದಕ್ಕೂ ಗೂಟ ಹೊಡೆದು ನೀರಿನ ಸಮನಾದ ಹರಿವನ್ನು ಕೆಡಿಸಿದ. ರಟ್ಟು ಸೀಳಲಿಲ್ಲ. ಕುಸುಮಾ ಕೆಲಸಕ್ಕೆ ಬರುತ್ತಾಳೆ. ಆದರೆ ಅವನು ನೋಡುತ್ತಿದ್ದರೆ ಜಾಲರಿಗೆ ಕೈ ಹಾಕುವುದಿಲ್ಲ, ಸುಮ್ಮನೆ ನಿಲ್ಲುತ್ತಾಳೆ. ಅವನು ಲೋಟ ಹಿಡಿದು ಹೊರಗೆ ಹೋಗುತ್ತಾನೆ.