ಅಕ್ಕ ಕೇಳಿದ ತಿದ್ದುಪಡಿ

ನಮ್ಮ ಪತ್ರಿಕೆಯ ಎರಡನೇ ಪುಟದ ಕೆಳಮೂಲೆಯಲ್ಲಿ ‘ತಿದ್ದುಪಡಿ’ ಎಂಬ ಸಣ್ಣ ಚೌಕ ಇರುತ್ತಿತ್ತು. ಕೋಲಾರದಲ್ಲೇ ಅಚ್ಚಾಗುವ ಜಿಲ್ಲಾ ಪತ್ರಿಕೆ ಅದು. ಮಾಲೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ಇಪ್ಪತ್ತೊಂದು ವರ್ಷ ಅದರ ಡೆಸ್ಕಿನಲ್ಲಿ, ವರದಿ ತಿದ್ದಿ ತಲೆಬರಹ ಕೊಡುವ ಕೆಲಸ ಮಾಡಿದೆ. ಶ್ರದ್ಧಾಂಜಲಿಯಲ್ಲಿ ತೀರಿಕೊಂಡವರ ಬದಲು ಅವರ ತಮ್ಮನ ಫೋಟೊ ಬಿದ್ದಾಗ ಆ ಚೌಕದಲ್ಲಿ ವಿಷಾದಿಸಿದ್ದೇವೆ. ಶ್ರೀನಿವಾಸಪುರ ಮಂಡಿಯ ತೋತಾಪುರಿ ಮಾವಿನ ದರ ಟನ್ನಿಗೆ ಎನ್ನುವ ಬದಲು ಕ್ವಿಂಟಲ್‌ಗೆ ಎಂದು ಹೋದಾಗ ವಿಷಾದಿಸಿದ್ದೇವೆ. ಮುಳಬಾಗಿಲಿನ ಬಸ್ಸಿನ ವೇಳೆ ಹತ್ತು ನಿಮಿಷ ತಪ್ಪಿದ್ದಕ್ಕೂ ವಿಷಾದಿಸಿದ್ದೇವೆ. ಆ ಚೌಕಕ್ಕೆ ಬರಲೇಬೇಕಿದ್ದ ಒಂದು ತಪ್ಪು ಮಾತ್ರ ಬರಲಿಲ್ಲ. ಅದು ನಾನು ಮಾಡಿದ ತಪ್ಪು. ನಷ್ಟ ಆದದ್ದು ನನ್ನ ಅಕ್ಕನಿಗೆ.

ನಾವು ಹುಟ್ಟಿದ್ದು ತಾಯಲೂರಿನಲ್ಲಿ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಈಗ ಇರುವುದು ಯಲ್ದೂರಿನಲ್ಲಿ. ಭಾವ ಮುಳಬಾಗಿಲಿನಲ್ಲಿ ಒಂದು ಸರ್ಕಾರಿ ಬ್ಯಾಂಕಿನ ಗುಮಾಸ್ತರಾಗಿದ್ದರು. ನೌಕರರಿಗೆಂದು ಕೊಟ್ಟ ಆ ಬ್ಯಾಂಕಿನ ಒಂದಿಷ್ಟು ಷೇರು ಅವರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಅದು ಅಕ್ಕನ ಹೆಸರಿಗೆ ಬಂತು. ಅದಕ್ಕಾಗಿ ಕೋಲಾರದ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮಹಡಿಯ ಮೇಲಿನ ಷೇರು ಕಚೇರಿಯಲ್ಲಿ ಅವಳೊಂದು ಖಾತೆ ತೆರೆಯಬೇಕಾಯಿತು. ವರ್ಷಕ್ಕೊಮ್ಮೆ ಲಾಭಾಂಶ ಬಂದಾಗ, “ನಿಮ್ಮ ಭಾವ ಇನ್ನೂ ಸಂಬಳ ಕಳಿಸ್ತಾವ್ರೆ ಕಣೋ” ಎಂದು ನಗುತ್ತಿದ್ದಳು. ಷೇರು ಅಂದರೆ ಅವಳಿಗೆ ಅಷ್ಟೇ. ಬ್ಯಾಂಕು ಅಂದರೆ ಭಾವ, ಭಾವ ಅಂದರೆ ನಂಬಿಕೆ.

ಅವಳ ಸ್ವಂತ ಕಸುಬು ಮಾವು. ತನ್ನದೇ ಎರಡು ಎಕರೆ ಇದೆ. ಅದರ ಜೊತೆಗೆ ಅಕ್ಕಪಕ್ಕದವರ ತೋಟಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಹಿಡಿಯುತ್ತಿದ್ದಳು. ಹೂ ನೋಡಿ, ಬೇಸಿಗೆಗೆ ಎಷ್ಟು ಕಾಯಿ ನಿಲ್ಲುತ್ತದೆ ಎಂದು ಅಂದಾಜು ಕಟ್ಟಿ, ಒಂದೇ ಮಾತಿಗೆ ದುಡ್ಡು ಕೊಡುವ ವ್ಯವಹಾರ ಅದು. ಗಾಳಿ, ಆಲಿಕಲ್ಲು, ಜಿಗಿಹುಳು, ಏನು ಬಂದರೂ ನಷ್ಟ ಗುತ್ತಿಗೆ ಹಿಡಿದವರದು. ನಮ್ಮ ಪತ್ರಿಕೆಯ ಅರ್ಥಶಾಸ್ತ್ರ ಪಂಡಿತರಿಗಿಂತ ಹೆಚ್ಚಿನ ಅನಿಶ್ಚಿತತೆಯನ್ನು ಅವಳು ಪ್ರತಿ ಜನವರಿಯಲ್ಲೂ ಕೊಂಡು ಜೂನ್‌ನಲ್ಲಿ ಮಾರುತ್ತಿದ್ದಳು. ಅವಳದೊಂದು ಕ್ರಮ ಇತ್ತು. ಪ್ರತಿ ಮರದ ಕೆಳಗೂ ಹೋಗಬೇಕು, ಸುತ್ತ ನಡೆಯಬೇಕು, ಬಿಸಿಲು ಬೀಳದ ಹಿಂಬದಿಯಿಂದಲೂ ನೋಡಬೇಕು, ಆಮೇಲೆ ನೋಡಿದ ಗುರುತಿಗೆ ಬುಡಕ್ಕೆ ಸುಣ್ಣದ ಗೆರೆ ಹಾಕಬೇಕು. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ತೋಟಕ್ಕೆ ಬೆಲೆ ಕಟ್ಟುವವರನ್ನು ಕಂಡರೆ ಅವಳಿಗೆ ತಮಾಷೆ. “ರಸ್ತೆ ಕಡೆ ಕೊಂಬೇನ ನೋಡೋಕೆ ಗುತ್ತಿಗೆದಾರ ಯಾಕೆ, ಬಸ್ ಕಂಡಕ್ಟರ್ ಸಾಕಲ್ಲ” ಅನ್ನುತ್ತಿದ್ದಳು.

ನಡೆದೂ ನಡೆದೂ ಎರಡು ಮೊಣಕಾಲೂ ಸವೆದವು. ಕಳೆದ ಲೋಕಸಭೆ ಚುನಾವಣೆಯ ವರ್ಷ ಅವಳಿಂದ ತೋಟದ ಬದು ಹತ್ತಲು ಆಗಲಿಲ್ಲ. ಮರದ ಕೆಳಗೆ ಹೋಗಿ ನೋಡದೆ ಬೇರೆಯವರ ತೋಟ ಹಿಡಿಯಲಾರೆ ಎಂದು ತನ್ನ ಎರಡು ಎಕರೆಯನ್ನಷ್ಟೇ ಇಟ್ಟುಕೊಂಡಳು. ಹಾಗಾಗಿ ಆ ವರ್ಷ ಕೈಗೆ ಬಂದದ್ದೂ ಕಡಿಮೆ. ಆಸ್ಪತ್ರೆಯವರು ಎರಡೂ ಮೊಣಕಾಲಿಗೆ ಒಟ್ಟಿಗೆ ಐದೂವರೆ ಲಕ್ಷ ಹೇಳಿದ್ದರು. ಅವಳ ಹತ್ತಿರ ಇದ್ದದ್ದು ಐದು ಲಕ್ಷ ಹತ್ತು ಸಾವಿರ. ನಲವತ್ತು ಸಾವಿರ ಕಡಿಮೆ. ಮತ ಎಣಿಕೆಯ ವಾರದ ಶುಕ್ರವಾರ ಆಸ್ಪತ್ರೆಗೆ ಕಟ್ಟಬೇಕಿತ್ತು. ದುಡ್ಡು ಸಾಲದು ಎಂದು ನನಗೆ ಒಂದು ಮಾತೂ ಹೇಳಲಿಲ್ಲ. ತಮ್ಮನ ಹತ್ತಿರ ಕೇಳುವುದು ಅವಳ ಸ್ವಭಾವದಲ್ಲೇ ಇಲ್ಲ.

ಕೊನೆಯ ಹಂತದ ಮತದಾನ ಮುಗಿದ ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಎಲ್ಲ ಚಾನೆಲ್‌ಗಳೂ ಒಂದೇ ಮಾತು ಹೇಳಿದವು: ಒಂದೇ ಪಕ್ಷಕ್ಕೆ ಭಾರಿ ಬಹುಮತ. ಒಂದು ಮತವನ್ನೂ ಇನ್ನೂ ಎಣಿಸಿರಲಿಲ್ಲ. ಅಷ್ಟರಲ್ಲೇ ಷೇರುಪೇಟೆಯ ತಜ್ಞರು ಟಿವಿಯಲ್ಲಿ ಕೂತು, ಸ್ಥಿರ ಸರ್ಕಾರ ಬಂದರೆ ಸರ್ಕಾರಿ ಬ್ಯಾಂಕುಗಳ ಷೇರು ಹೇಗೆ ಮೇಲೇಳುತ್ತದೆ ಎಂದು ವಿವರಿಸುತ್ತಿದ್ದರು. ನಮ್ಮ ವರದಿಗಾರ ಅದನ್ನು ಜೋಡಿಸಿ ಬರೆದುಕೊಟ್ಟ. ಅವನು ಕೊಟ್ಟ ತಲೆಬರಹ ‘ಸ್ಥಿರ ಸರ್ಕಾರ ನಿರೀಕ್ಷೆ: ಬ್ಯಾಂಕ್ ಷೇರಿಗೆ ಸುಗ್ಗಿ ಸಾಧ್ಯತೆ’. ಎರಡು ಕಾಲಂನಲ್ಲಿ ಅದು ಕೂರಲಿಲ್ಲ. ನಾನು ‘ನಿರೀಕ್ಷೆ’ಯನ್ನೂ ‘ಸಾಧ್ಯತೆ’ಯನ್ನೂ ತೆಗೆದೆ. ‘ಸ್ಥಿರ ಸರ್ಕಾರ: ಬ್ಯಾಂಕ್ ಷೇರಿಗೆ ಸುಗ್ಗಿ’. ಅಂದವಾಗಿ ಕೂತಿತು. ನನಗೆ ಖುಷಿಯೂ ಆಯಿತು ಎಂದು ಇಲ್ಲಿ ದಾಖಲಿಸಬೇಕು.

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕನ ಫೋನ್ ಬಂತು. ನಾನು ಎಣಿಕೆ ದಿನದ ಪುಟಗಳ ಲೆಕ್ಕಾಚಾರದಲ್ಲಿದ್ದೆ.

“ಏನೋ, ಬ್ಯಾಂಕ್ ಷೇರು ನಿಮ್ ಪೇಪರ್‌ನಲ್ಲಿ ಹಾಕಿದ್ದಂಗೇ ಏರ್ತಾ ಐತಂತೆ, ನಿಜಾನಾ?”

“ಹೂಂ ಅಕ್ಕ, ಚೆನ್ನಾಗೇ ಏರ್ತಿದೆ.”

“ನೀನೇ ಬರ್ದಿದ್ದಾ?”

“ಹೆಡ್ಡಿಂಗ್ ನಂದೇ.”

“ಸರಿ ಬಿಡು, ಕೆಲ್ಸ ನೋಡ್ಕೋ.”

ಯಾಕೆ ಕೇಳುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ದಿನಕ್ಕೆ ನೂರು ಜನರನ್ನು ‘ಯಾಕೆ’ ಎಂದು ಕೇಳುವುದೇ ನನ್ನ ಉದ್ಯೋಗವಾಗಿತ್ತು. ಅವಳು ಆಗ ನನ್ನ ಕಚೇರಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಔಷಧಿ ಅಂಗಡಿಯ ಮಹಡಿ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಷೇರು ಕಚೇರಿಯ ಬೆಂಚಿನ ಮೇಲೆ ಕೂತಿದ್ದಳು. ಭಾನುವಾರದ ಪತ್ರಿಕೆ ಅವಳ ಚೀಲದಲ್ಲಿತ್ತು. ನಾಲ್ಕು ದಿನ ಇಟ್ಟು ತೆಗೆಯುವುದು, ನಲವತ್ತು ಸಾವಿರ ಬಂದರೆ ಸಾಕು, ಇಷ್ಟೇ ಅವಳ ಲೆಕ್ಕ. ಇಳಿದರೆ ಏನು ಎಂದು ಕಚೇರಿಯವನನ್ನು ಕೇಳಿದಳಂತೆ. ಅವನು ನಮ್ಮ ಕಡೆಯ ರೂಢಿಯಂತೆ ಕನ್ನಡದ ನಡುವೆ ತೆಲುಗಿಗೆ ಹಾರಿ, “ಏಮೀ ಕಾದಕ್ಕ” ಎಂದನಂತೆ. ಏನೂ ಆಗಲ್ಲ ಅಕ್ಕ. ಕೊಂಡರೂ ಮಾರಿದರೂ ಅವನ ದಲ್ಲಾಳಿ ಹಣ ಅವನಿಗೆ ಬರುತ್ತದೆ. ನಿಜವಾಗಿಯೂ ಅವನಿಗೆ ಏನೂ ಆಗುವುದಿಲ್ಲ.

ಮಂಗಳವಾರ ಎಣಿಕೆ. ಬೆಳಿಗ್ಗೆ ಹತ್ತಕ್ಕೆಲ್ಲ ಸಮೀಕ್ಷೆಗಳ ಅಂಕಿ ಬೇರೆ, ಮತಯಂತ್ರಗಳಿಂದ ಬರುತ್ತಿದ್ದ ಅಂಕಿ ಬೇರೆ ಎಂದು ಗೊತ್ತಾಯಿತು. ಒಂದೇ ಪಕ್ಷಕ್ಕೆ ಬಹುಮತ ಇಲ್ಲ ಎನ್ನುವುದು ಸ್ಪಷ್ಟವಾಗುತ್ತಿದ್ದಂತೆ ಸರ್ಕಾರಿ ಬ್ಯಾಂಕುಗಳ ಷೇರು ಎಲ್ಲಕ್ಕಿಂತ ಮೊದಲು ಕುಸಿಯಿತು. ಹನ್ನೊಂದೂವರೆಗೆ ಅಕ್ಕ ಫೋನ್ ಮಾಡಿದಳು.

“ಏನೋ ಇದು, ಟಿವೀಲಿ ಷೇರೆಲ್ಲಾ ಕೆಂಪಗೆ ಕಾಣ್ತದೆ?”

“ಭಾವನ ಷೇರು ತಾನೆ ಅಕ್ಕ, ಇರ್ಲಿ ಬಿಡು, ಯಾವಾಗಾದ್ರೂ ಮೇಲೆ ಬರುತ್ತೆ.”

“ಭಾವಂದಲ್ಲ ಕಣೋ. ನಿನ್ನೆ ತಗೊಂಡೆ.”

“ಎಷ್ಟಕ್ಕೆ?”

“ಮೊಣಕಾಲಿಂದು. ಎಲ್ಲಾನೂ.”

ಸುದ್ದಿಮನೆಯಲ್ಲಿ ಮೂರು ಟಿವಿ ಕೂಗುತ್ತಿದ್ದವು. ನಾನು ಮಾರಬೇಡ ಎಂದೆ, ಒಂದು ವಾರ ಕಾಯಿ ಎಂದೆ.

“ಶುಕ್ರವಾರ ಆಸ್ಪತ್ರೇಲಿ ಕಟ್ಬೇಕು. ನಾಳೆ ಇನ್ನೂ ಬಿದ್ರೆ ನೀನು ಹೊಣೆನಾ? ಹೇಳು, ನಿನ್ ಮಾತಿಗೇ ಬಿಡ್ತೀನಿ.”

ಎರಡು ದಿನದ ಹಿಂದೆ ಇಡೀ ಜಿಲ್ಲೆಗೆ ಸುಗ್ಗಿ ಎಂದು ಬರೆದವನಿಗೆ, ಒಬ್ಬಳು ಅಕ್ಕನಿಗೆ ಹೌದು ಅಥವಾ ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ಅವಳು ಮಾರಿದಳು. ಐದು ಲಕ್ಷ ಹತ್ತು ಸಾವಿರ ಹೋಗಿ ನಾಲ್ಕು ಲಕ್ಷ ಮೂವತ್ತೆಂಟು ಸಾವಿರ ಉಳಿಯಿತು.

ಬುಧವಾರದ ಪತ್ರಿಕೆಯಲ್ಲಿ ‘ಕರಗಿದ ಹೂಡಿಕೆದಾರರ ಸಂಪತ್ತು’ ಎಂದು ಹಾಕಿದೆವು. ಆ ಪದವನ್ನು ಅಚ್ಚಿನಲ್ಲಿ ನೋಡಿದಾಗ ನನಗೆ ಮೊದಲ ಸಲ ಸಿಟ್ಟು ಬಂತು. ಅಲ್ಲಿಯವರೆಗೆ ಇದ್ದದ್ದು ಸಂಕೋಚ ಮಾತ್ರ. ಕರಗಲು ಅದೇನು ಬೆಣ್ಣೆಯೇ? ಸೋಮವಾರ ಅಕ್ಕ ಕೊಂಡ ಷೇರನ್ನು ಸೋಮವಾರವೇ ಯಾರೋ ಮಾರಿದ್ದರು, ಏರಿದ ಬೆಲೆಗೆ. ಮಂಗಳವಾರ ಅಕ್ಕ ಮಾರಿದ್ದನ್ನು ಯಾರೋ ಕೊಂಡಿದ್ದರು, ಬಿದ್ದ ಬೆಲೆಗೆ. ಎಪ್ಪತ್ತೆರಡು ಸಾವಿರ ರೂಪಾಯಿ ಎಲ್ಲೂ ಕರಗಿರಲಿಲ್ಲ, ಕೈ ಬದಲಾಯಿಸಿತ್ತು. ಆ ಕೈಗಳು ಯಾರವು ಎಂದು ನಾವು ಒಂದು ಸಾಲೂ ಬರೆಯಲಿಲ್ಲ. ಸಮೀಕ್ಷೆ ಮಾಡಿದವರು ಯಾರನ್ನು ಕೇಳಿದರು, ಹೇಗೆ ಕೇಳಿದರು ಎಂದೂ ವಿಚಾರಿಸಲಿಲ್ಲ. ಶನಿವಾರ ಸುಗ್ಗಿ ಎಂದ ಅದೇ ತಜ್ಞರು ಮಂಗಳವಾರ ಸಂಜೆ ಅದೇ ಕುರ್ಚಿಯಲ್ಲಿ ಕೂತು, ಸಣ್ಣ ಹೂಡಿಕೆದಾರರು ಆತುರಪಡಬಾರದಿತ್ತು ಎಂದರು. ಅದನ್ನೂ ನಾವು ಅಚ್ಚು ಮಾಡಿದೆವು. ವಾರ ಮುಗಿಯುವಷ್ಟರಲ್ಲಿ ಷೇರುಗಳು ಅರ್ಧಂಬರ್ಧ ಮೇಲೆ ಬಂದವು. ‘ಚೇತರಿಕೆ’ ಎಂದು ಹಾಕಿದೆವು. ಶುಕ್ರವಾರ ದುಡ್ಡು ಕಟ್ಟಬೇಕಿದ್ದವರಿಗೆ ಆ ಚೇತರಿಕೆಯಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಗುರುವಾರ ರಜೆ ಹಾಕಿ, ಸಾಲದಿದ್ದ ಹಣವನ್ನು ಬ್ಯಾಂಕಿನಿಂದ ತೆಗೆದುಕೊಂಡು ಯಲ್ದೂರಿಗೆ ಹೋದೆ. ಜಗಲಿಯ ಮೇಲೆ ಕಾಲು ನೀಡಿ ಕೂತು ಬಾದಾಮಿ ಮಾವಿನ ಹಣ್ಣು ಆರಿಸುತ್ತಿದ್ದಳು. ಕವರು ಮುಂದಿಟ್ಟೆ. ಮುಟ್ಟಲಿಲ್ಲ.

“ಎತ್ತಿಟ್ಕೋ.”

“ಅಕ್ಕ, ತಪ್ಪು ನಂದು. ನಾನು ಕೊಡ್ತೀನಿ, ಎರಡೂ ಕಾಲು ಮಾಡಿಸ್ಕೋ.”

“ನೀನು ಕೊಟ್ಟು ನಾನು ಈಸ್ಕೊಂಡ್ರೆ ಇದು ನಮ್ಮನೆ ವಿಷ್ಯ ಆಗೋಗ್ತದೆ. ಇದು ನಮ್ಮನೆ ವಿಷ್ಯ ಅಲ್ಲ ಕಣೋ. ಆ ಪೇಪರ್ ನಮ್ಮನೆಗೆ ಒಂದಕ್ಕೇನಾ ಬರೋದು? ಇದೇ ಬೀದೀಲಿ ನಾಕು ಮನೆಗೆ ಬರ್ತದೆ. ಅವ್ರಿಗೆಲ್ಲ ನೀನು ಕವರ್ ತಗೊಂಡೋಗಿ ಕೊಡ್ತೀಯಾ?”

“ಮತ್ತೇನ್ ಮಾಡ್ಲಿ ಹೇಳು.”

“ನಿಮ್ ಪೇಪರ್‌ನಲ್ಲಿ ಕೆಳ್ಗಡೆ ಹಾಕ್ತೀರಲ್ಲ, ಫೋಟೊ ತಪ್ಪಾಯ್ತು, ರೇಟ್ ತಪ್ಪಾಯ್ತು ಅಂತ. ಹಂಗೆ ಹಾಕ್ಸು, ಸುಗ್ಗಿ ಅಂದಿದ್ದು ತಪ್ಪಾಯ್ತು ಅಂತ. ಅದು ಅಚ್ಚಾದ್ ದಿನ ನಿನ್ ದುಡ್ಡು ತಂದ್ಕೊಡು, ಬೇಡ ಅನ್ನಲ್ಲ.” ಹಣ್ಣೊಂದನ್ನು ಮೂಗಿಗೆ ಹಿಡಿದು ಪಕ್ಕಕ್ಕಿಟ್ಟಳು. “ರಸ್ತೇಲಿ ನಿಂತ್ಕೊಂಡು ತೋಟಕ್ಕೆ ಬೆಲೆ ಕಟ್ದೋರು ನೀವು. ಅದ್ನ ಒಪ್ಕೊಳಕ್ಕೇನು?”

ಮರುದಿನ ಸುದ್ದಿ ಸಂಪಾದಕರ ಮುಂದೆ ಎರಡು ಸಾಲಿನ ತಿದ್ದುಪಡಿ ಇಟ್ಟೆ. ಓದಿ, ಕನ್ನಡಕ ತೆಗೆದರು.

“ಏನ್ರೀ ಇದು? ಸೋಮವಾರ ಷೇರು ಏರಿತೋ ಇಲ್ವೋ?”

“ಏರಿತು ಸಾರ್.”

“ಮತ್ತೆ? ನಮ್ಮ ಹೆಡ್ಡಿಂಗ್ ಸರಿಯೇ ಅಲ್ವಾ?”

“ಸ್ಥಿರ ಸರ್ಕಾರ ಅಂತ ನಾವು ಹಾಕಿದಾಗ ಎಣಿಕೆಯೇ ಆಗಿರ್ಲಿಲ್ಲ.”

“ಅದು ಸಮೀಕ್ಷೆಯೋರು ಹೇಳಿದ್ದು, ನಾವು ಹೇಳಿದ್ದಲ್ಲ.”

“ನಿರೀಕ್ಷೆ, ಸಾಧ್ಯತೆ ಅನ್ನೋ ಮಾತೇ ಹೆಡ್ಡಿಂಗ್‌ನಲ್ಲಿ ಇಲ್ಲ ಸಾರ್. ಅದನ್ನ ತೆಗೆದವನು ನಾನು.”

“ನೋಡ್ರೀ, ಎಲ್ಲಾ ಪೇಪರೂ ಹಾಕಿದ್ದು ಅದನ್ನೇ. ಈಗ ನಾವೊಬ್ರೇ ತಪ್ಪಾಯ್ತು ಅಂದ್ರೆ, ನಾವೊಬ್ರೇ ತಪ್ಪು ಮಾಡಿದಂಗೆ ಆಗುತ್ತೆ.” ಹಾಳೆಯನ್ನು ನನ್ನತ್ತ ತಳ್ಳಿದರು. “ಷೇರು ಕೊಳ್ಳೋರಿಗೆ ಬುದ್ಧಿ ಇರ್ಬೇಕು.”

ಆ ಕೊನೆಯ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನನ್ನ ಅಕ್ಕನಿಗೆ ಬುದ್ಧಿ ಇತ್ತು. ಒಂದು ಮರವನ್ನೂ ಸುತ್ತಿ ನೋಡದೆ ಬೆಲೆ ಹೇಳದವಳು ಅವಳು. ಅವಳು ನಡೆಯಲಾಗದ ಒಂದೇ ಒಂದು ವರ್ಷ, ತನ್ನ ಬದಲು ಸುತ್ತಿ ನೋಡಿ ಬಂದು ಹೇಳುತ್ತಾರೆ ಎಂದು ನಮ್ಮನ್ನು ನಂಬಿದಳು. ಪತ್ರಿಕೆಗೆ ತಿಂಗಳ ದುಡ್ಡು ಕೊಡುವುದು ಇದಕ್ಕೇ ಅಲ್ಲವೇ? ಮಾವಿನ ದರ ತಪ್ಪಿದ್ದಕ್ಕೆ ವಿಷಾದಿಸಿದ ಸಂಪಾದಕರು ಇದಕ್ಕೆ ವಿಷಾದಿಸಲಿಲ್ಲ. ಮಂಡಿಯವರು ಕಚೇರಿಗೆ ಬಂದು ಜಗಳ ಮಾಡಿದ್ದರು. ಮೊಣಕಾಲು ಸವೆದ ಹೆಂಗಸು ಮಹಡಿ ಹತ್ತಿ ಬಂದು ಜಗಳ ಮಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಎಡಗಾಲಿನದು ಮಾತ್ರ ಆಯಿತು. ಉಳಿದ ದುಡ್ಡು ಔಷಧಿಗೆ, ಕಾಲಿನ ವ್ಯಾಯಾಮ ಮಾಡಿಸುವವರಿಗೆ, ಓಡಾಟಕ್ಕೆ ಸರಿಹೋಯಿತು. ನನ್ನ ಕವರು ನನ್ನಲ್ಲೇ ಉಳಿಯಿತು. ಆ ವರ್ಷದ ಕೊನೆಗೆ ನಾನು ಕೆಲಸ ಬಿಟ್ಟೆ. ಅದಕ್ಕೆ ಇದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ, ನಿವೃತ್ತಿಗೆ ಐದು ತಿಂಗಳಷ್ಟೇ ಉಳಿದಿತ್ತು.

ಜನವರಿಯಲ್ಲಿ ಮರಗಳು ಹೂ ಬಿಟ್ಟವು. ಒಂದು ಬೆಳಿಗ್ಗೆ ಅಕ್ಕ ಕರೆಸಿಕೊಂಡಳು. ಪಕ್ಕದ ತೋಟ ಗುತ್ತಿಗೆಗೆ ಇತ್ತು. ಎಡಗಾಲು ಊರುತ್ತಿತ್ತು, ಬಲಗಾಲು ಇನ್ನೂ ಎಳೆದುಕೊಂಡೇ ಬರುತ್ತಿತ್ತು. ಬದುವಿನ ಹತ್ತಿರ ಕೋಲೂರಿ ನಿಂತು ನನ್ನ ಕೈಗೆ ಸುಣ್ಣದ ಡಬ್ಬಿ ಕೊಟ್ಟಳು.

“ಹಿಂದ್ಗಡೆಗೆ ಹೋಗಿ ನೋಡು. ಏನೈತೆ?”

“ಇತ್ತ ಕಡೆ ಹೂ ಕಡ್ಮೆ ಅಕ್ಕ.”

“ಕಡ್ಮೆ ಅಂದ್ರೆ? ಹತ್ತು ಕೊಂಬೇಲಿ ಎಷ್ಟ್ರಲ್ಲಿ ಐತೆ? ಎಣ್ಸಿ ಹೇಳೋ, ಹೆಡ್ಡಿಂಗ್ ಕೊಡ್ಬೇಡ.”

ಎಣಿಸಿದೆ. ಹತ್ತರಲ್ಲಿ ನಾಲ್ಕು. ಇಡೀ ತೋಟ ಹಾಗೆ ಸುತ್ತುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ತೋಟ ಬೇಡ ಎಂದಳು. ಊಟಕ್ಕೆ ಕೂತಾಗ, ಅಚ್ಚಾಗದೆ ಉಳಿದ ತಿದ್ದುಪಡಿಯನ್ನು ಓದಿ ಹೇಳು ಎಂದಳು. ಓದಿದೆ. ‘ಕಣ್ತಪ್ಪಿನಿಂದ’ ಎಂದು ಶುರುವಾಗುತ್ತಿತ್ತು, ನಮ್ಮ ಎಲ್ಲ ತಿದ್ದುಪಡಿಗಳ ಹಾಗೆ.

“ಕಣ್ತಪ್ಪಿನಿಂದ ಅಂತ ಯಾಕೆ ಬರ್ದೆ? ಕಣ್ ಬಿಟ್ಕೊಂಡೇ ತಾನೆ ಮಾಡಿದ್ದು? ತೆಗ್ದಾಕು. ಯಾರು ಮಾಡಿದ್ದು ಅಂತಾನೂ ಹಾಕು.”

ಅವಳು ಹೇಳಿದಂತೆ ತಿದ್ದಿದ್ದು ಇದು.

‘ಲೋಕಸಭೆ ಚುನಾವಣೆಯ ಮತ ಎಣಿಕೆಗೆ ಎರಡು ದಿನ ಮುಂಚಿನ ಭಾನುವಾರ, ಸ್ಥಿರ ಸರ್ಕಾರ ಬಂದೇಬಿಟ್ಟಿದೆ, ಬ್ಯಾಂಕ್ ಷೇರಿಗೆ ಸುಗ್ಗಿ ಎಂಬ ಅರ್ಥದ ತಲೆಬರಹ ಮೊದಲ ಪುಟದಲ್ಲಿ ಪ್ರಕಟವಾಗಿತ್ತು. ಆ ಹೊತ್ತಿಗೆ ಒಂದು ಮತವನ್ನೂ ಎಣಿಸಿರಲಿಲ್ಲ. ಇದು ಅಂದಾಜು ಮಾತ್ರ ಎಂದು ತಿಳಿಸುವ ಎರಡು ಪದಗಳು ವರದಿಗಾರರ ತಲೆಬರಹದಲ್ಲಿದ್ದವು. ಜಾಗ ಸಾಲದೆಂದು ಅವನ್ನು ತೆಗೆದವನು ನಾನು. ಅದನ್ನು ನಂಬಿ ದುಡ್ಡು ಹಾಕಿದವರ ಕ್ಷಮೆ ಕೇಳುತ್ತೇನೆ.’

ಇದು ಪತ್ರಿಕೆಯಲ್ಲಿ ಬರದೆ, ನಾನೇ ಬರೆಯುವ ಪುಸ್ತಕದಲ್ಲಿ ಬಂದರೆ ಅಚ್ಚಾದ ಲೆಕ್ಕವೇ ಎಂದು ಕೇಳಿದೆ. ಅಕ್ಕ, “ಕವರ್ ತಗೊಂಡ್ ಬಾ, ನೋಡಾಣ” ಎಂದಳು.