ಲೂಷಿಯಸ್ ಕಲಿಸದೆ ಹೋದ ನಾಲ್ಕನೆಯ ಭಾಗ

ಸೆಡೇಲಿಯಾ ಊರಲ್ಲಿ ರೈಲು ಹಳಿಗಳ ಉತ್ತರಕ್ಕೆ ನಮ್ಮ ಕಪ್ಪು ಜನರ ಕೇರಿ. ಅಲ್ಲಿ ಓಜೆಲ್ಲಾ ವಾರವೆಲ್ಲ ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು, ಭಾನುವಾರ ಚರ್ಚಿನಲ್ಲಿ ಕೀರ್ತನೆಗಳಿಗೆ ಪಿಯಾನೊ ನುಡಿಸುತ್ತಿದ್ದಳು. ಅವಳ ಗಂಡ ಲೂಷಿಯಸ್ ನುಡಿಸುತ್ತಿದ್ದುದು ರ‍್ಯಾಗ್‌ಟೈಮ್, ತಾಳ ಜಿಗಿಜಿಗಿದು ನಡೆಯುವ ಕುಣಿತದ ಸಂಗೀತ. ಅವನೇ ಕಟ್ಟಿದ ಮೂರು ಭಾಗದ ಒಂದು ಮಟ್ಟಿತ್ತು. ಸ್ವರ ಬರೆಯಲು ಅವನಿಗೆ ಬಾರದು, ಎಲ್ಲವೂ ಬೆರಳಲ್ಲೇ.

೧೯೦೩ರ ಚಳಿಗಾಲದಲ್ಲಿ, ಅವನು ದುಡಿಯುತ್ತಿದ್ದ ರೈಲು ಯಾರ್ಡಿನಲ್ಲಿ ಎರಡು ಬೋಗಿಗಳನ್ನು ಜೋಡಿಸುವಾಗ ಅವನ ಎಡಗೈ ನಡುವೆ ಸಿಕ್ಕಿತು. ಡಾಕ್ಟರು ಮಣಿಕಟ್ಟಿನ ತನಕ ತೆಗೆದರು. ನಾಲ್ಕು ತಿಂಗಳು ಅವನು ಪಿಯಾನೊ ಮುಚ್ಚಳ ಎತ್ತಲಿಲ್ಲ. ಆಮೇಲೊಂದು ಸಂಜೆ ಬಲಗೈಯೊಂದರಲ್ಲೇ ನುಡಿಸತೊಡಗಿದ. ಓಜೆಲ್ಲಾ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಂದಳು.

"ಒಂಟೆತ್ತಿನ ಗಾಡಿ ಎಲ್ಲೀತನಕ ಹೋದೀತು? ಆ ಕಡೆ ಸರಿ, ಎಡಗೈದು ನಾನು ನುಡಿಸ್ತೀನಿ."

"ಇದು ನಿನ್ನ ಕೀರ್ತನೆ ಅಲ್ಲ ಓಜಿ. ಎಡಗೈ ಕೆಳಗಿನ ಸ್ವರ ಒತ್ತಿ, ಎರಡು ಗೇಣು ಹಾರಿ ಮೇಲಿನ ಮೂರನ್ನ ಹಿಡೀಬೇಕು. ಅದೂ ಕಣ್ಣಲ್ಲಿ ನೋಡದೇನೇ."

"ಹಾರಿ ಹಾರಿ ಕಪ್ಪೆ ಆಗ್ತೀನಿ ಅಷ್ಟೇ."

"ಕಪ್ಪೆ ತಾಳ ತಪ್ಪಲ್ಲ. ನೀನು ತಪ್ತಿದೀಯ."

ವರ್ಷ ಕಳೆಯುವಷ್ಟರಲ್ಲಿ ಅವಳ ಎಡಗೈ ಪಳಗಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ನುಡಿಸಿದರೆ ಕೇರಿಯವರು ಬೇಲಿಗೆ ಒರಗಿ ಕೇಳುತ್ತಿದ್ದರು. ಹತ್ತು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಸುಖವಾಗಿದ್ದದ್ದು ಆಗಲೇ.

ಆಮೇಲೆ ಅವನಿಗೆ ಕೆಮ್ಮು ಹತ್ತಿತು. ಕರವಸ್ತ್ರ ಒಗೆಯುವವಳು ಅವಳೇ, ಅದರಲ್ಲಿದ್ದ ರಕ್ತವನ್ನು ಅವಳಿಂದ ಮುಚ್ಚಿಡಲು ಅವನಿಗೆ ಆಗಲಿಲ್ಲ.

"ಬಲಗೈದೂ ಕಲಿ," ಅಂದ ಅವನು.

"ಬಲಗೈಗೆ ನೀನಿದೀಯಲ್ಲ."

"ಎಷ್ಟು ದಿನ?"

ಅವಳು ಬೆಂಚಿನಲ್ಲಿ ಅವನ ಜಾಗಕ್ಕೆ ಸರಿದಳು. ಕಲಿತಳು. ಎಡಗೈ ನೆಟ್ಟಗೆ ನಡೆಯುತ್ತಿದ್ದರೆ ಬಲಗೈ ಅರ್ಧ ಹೆಜ್ಜೆ ಮೊದಲೇ ಬಂದು ಬೀಳಬೇಕು; ತಾಳ ಕೆಟ್ಟಿತು ಎಂದು ಕಿವಿ ಹೆದರಿದರೂ ಕೈ ಹೆದರಬಾರದು. ಒಂದು ದಿನ ಅವನು ಹೇಳಿದ: "ನಾಲ್ಕನೇ ಭಾಗ ಒಂದು ಕಟ್ಟಿದೀನಿ, ತಲೇಲೇ. ನೀನೊಬ್ಳೇ ಎರಡೂ ಕೈಲಿ ನುಡಿಸೋಕೆ ಅಂತ. ಮೂರನೇದು ಚೊಕ್ಕ ಆಗ್ಲಿ, ಆಮೇಲೆ ಕೊಡ್ತೀನಿ."

ಅವತ್ತಿನಿಂದ ಮೂರನೆಯದು ಚೊಕ್ಕವಾಗಲೇ ಇಲ್ಲ. ಎರಡು ತಿಂಗಳು ಅದೇ ಜಾಗದಲ್ಲಿ ಅವಳ ಬೆರಳು ಎಡವುತ್ತಿತ್ತು.

"ಓಜಿ," ಅವನೊಂದು ಮಧ್ಯಾಹ್ನ ಅಂದ, "ನಿಜವಾಗಿ ತಪ್ಪೋರು ತಪ್ಪಿದಮೇಲೆ ಮುಖ ಕಿವುಚ್ತಾರೆ. ನೀನು ತಪ್ಪೋಕೆ ಮುಂಚೇನೇ ನನ್ನ ಮುಖ ನೋಡ್ತೀಯ."

ಅವಳು ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಎಲ್ಲಾ ಕಲಿಸಿಬಿಟ್ರೆ ನಿಂಗಿಲ್ಲಿ ಏನು ಕೆಲಸ ಉಳಿಯುತ್ತೆ?"

ಅವನು ನಕ್ಕ, ನಗು ಕೆಮ್ಮಾಯಿತು. "ಹುಚ್ಚಿ. ನಾಳೆಯಿಂದ ನಾಲ್ಕನೇದು."

ಮರುದಿನ ಅವನಿಗೆ ಏಳಲಾಗಲಿಲ್ಲ. ರಜಾಯಿಯ ಮೇಲೆ ಬೆರಳಾಡಿಸಿ ತೋರಿಸಿದ. ಯಾವ ಬೆರಳು ಅನ್ನುವುದು ಅವಳಿಗೆ ಕಾಣುತ್ತಿತ್ತು, ಯಾವ ಸ್ವರ ಅನ್ನುವುದು ಕಾಣುತ್ತಿರಲಿಲ್ಲ. ಗುನುಗಲು ಹೋದ, ಉಸಿರು ಸಾಲಲಿಲ್ಲ. ಒಂಬತ್ತನೆಯ ದಿನ ತೀರಿಕೊಂಡ.

ಚರ್ಚಿನ ಹಿರಿಯಳು ಟೆಂಪಿ ಅಜ್ಜಿ ಮೆಕ್ಕೆಜೋಳದ ರೊಟ್ಟಿ ಕಟ್ಟಿಕೊಂಡು ನೋಡಲು ಬಂದಳು. ಅವಳೊಬ್ಬಳಿಗೇ ಓಜೆಲ್ಲಾ ನಡೆದದ್ದನ್ನು ಹೇಳಿದಳು.

"ನಾನೇ ಕಳೆದುಬಿಟ್ಟೆ ಅಜ್ಜಿ. ಎರಡು ತಿಂಗಳು ಇತ್ತು."

"ಅವನನ್ನ ಉಳಿಸ್ಕೊಳ್ಳೋಕೆ ಮಾಡಿದ್ದಲ್ವೇನೇ ಮಗಾ."

"ಅವನೂ ಉಳೀಲಿಲ್ಲ, ಅದೂ ಉಳೀಲಿಲ್ಲ."

ಅಜ್ಜಿ ರೊಟ್ಟಿ ಮುರಿದು ಅವಳ ಕೈಗಿಟ್ಟಳು. ಪಕ್ಕದಲ್ಲಿ ಕೂತೇ ಇದ್ದಳು.

ಮುಂದೆ ಸೇಂಟ್ ಲೂಯಿ ನಗರದಿಂದ ಸ್ವರ ಬರೆಯಬಲ್ಲ ಒಬ್ಬ ವಾದಕ ಬಂದು ಲೂಷಿಯಸ್‌ನ ಮಟ್ಟನ್ನು ಬರೆದುಕೊಂಡ. ಓಜೆಲ್ಲಾ ಮೂರೂ ಭಾಗಗಳನ್ನು ಒಂದು ತಪ್ಪಿಲ್ಲದೆ ನುಡಿಸಿದಳು. "ಕೊನೆಗೊಂದು ಭಾಗ ನಾನೇ ಸೇರಿಸಲೇನಮ್ಮ?" ಎಂದು ಅವನು ಕೇಳಿದ.

"ಬೇಡಪ್ಪ. ಅರ್ಧಕ್ಕೆ ನಿಂತದ್ದು ಅಂತಲೇ ಬರಿ," ಅಂದಳು.